ಸೆವೆನ್ ಕಾರಿಗೆ ಡ್ರೈ ಸಂಪ್: ಹಾಕಿಸಬೇಕೇ? ಹಾಕಿಸಿದರೆ ಟ್ಯಾಂಕ್ ಎಲ್ಲಿ?

ಹಳದಿ ಸೆವೆನ್

ಎಲ್ಲರಿಗೂ ನಮಸ್ಕಾರ. ನನ್ನದು ಕೇಟರ್‌ಹ್ಯಾಮ್ ಸೆವೆನ್, ಫೋರ್ಡಿನ ಎರಡು ಲೀಟರ್ ಡ್ಯುರಾಟೆಕ್ ಎಂಜಿನ್, ಸಾಧಾರಣ ವೆಟ್ ಸಂಪ್ (ಎಣ್ಣೆ ಎಂಜಿನ್ನಿನ ತಳದ ತಟ್ಟೆಯಲ್ಲೇ ನಿಲ್ಲುವಂಥದ್ದು). ಕಾರಿನ ತೂಕ ಐನೂರೈವತ್ತು ಕೆಜಿಯ ಆಸುಪಾಸು. ಮನೆ ಇರುವುದು ಕೇಂಬ್ರಿಡ್ಜ್ ಬಳಿಯ ಹಳ್ಳಿಯಲ್ಲಿ. ಹಾಗಾಗಿ ಟ್ರ್ಯಾಕ್ ದಿನ ಎಂದರೆ ನನಗೆ ಹೆಚ್ಚಾಗಿ ನಾರ್ಫಕ್‌ನ ಸ್ನೆಟರ್ಟನ್.

ಹೋದ ವರ್ಷದವರೆಗೆ ಏನೂ ತೊಂದರೆ ಇರಲಿಲ್ಲ. ಈ ವಸಂತದಲ್ಲಿ ಹಳೆಯ ರಸ್ತೆ ಟೈರುಗಳನ್ನು ತೆಗೆಸಿ ಟೊಯೋ ಆರ್888ಆರ್ ಎಂಬ ಟ್ರ್ಯಾಕ್ ಟೈರು ಹಾಕಿಸಿದೆ. ಹಿಡಿತ ಎಷ್ಟು ಹೆಚ್ಚಿತೆಂದರೆ, ಪಕ್ಕದಲ್ಲಿ ಕುಳಿತು ಎಂದೂ ಬಾಯಿ ಮುಚ್ಚದ ನನ್ನ ಭಾವಮೈದುನ ಎರಡು ಸುತ್ತು ಮಾತೇ ಆಡಲಿಲ್ಲ. ಆದರೆ ಬಾಂಬ್ ಹೋಲ್ ದಾಟಿದ ಮೇಲೆ ಕೋರಮ್ ಎಂಬ ಉದ್ದನೆಯ ಬಲತಿರುವು ಬರುತ್ತದಲ್ಲ, ಅದರ ಕೊನೆಯಲ್ಲಿ, ಮರ್ರೀಸ್ ತಿರುವಿಗೆ ಬ್ರೇಕ್ ಒತ್ತುವ ಮುಂಚೆ, ಆಯಿಲ್ ಪ್ರೆಷರ್ ಮುಳ್ಳು ಧೊಪ್ಪನೆ ಬೀಳುತ್ತದೆ. ಒಮ್ಮೆ ಕೆಂಪು ದೀಪವೂ ಮಿನುಗಿತು. ನೇರ ದಾರಿಗೆ ಬಂದೊಡನೆ ಎಲ್ಲ ಸರಿಯಾಗುತ್ತದೆ. ಮೊದಲು ಗೇಜೇ ಕೆಟ್ಟಿದೆ ಎಂದುಕೊಂಡೆ. ಬೇರೆ ಗೇಜ್ ಹಾಕಿದರೂ ಅದೇ ಜಾಗದಲ್ಲಿ ಅದೇ ಕಥೆ.

ಒಂದು ವರ್ಕ್‌ಶಾಪಿನವರು ಡ್ರೈ ಸಂಪ್ (ಎಣ್ಣೆಯನ್ನು ತಳದಿಂದ ಪಂಪಿನಲ್ಲಿ ಎತ್ತಿ ಬೇರೆ ಟ್ಯಾಂಕಿನಲ್ಲಿ ಇಡುವ ವ್ಯವಸ್ಥೆ) ಹಾಕಿಸಿ ಎಂದು ಕೂಲಿ ಸೇರಿ ನಾಲ್ಕು ಸಾವಿರ ಪೌಂಡಿನ ಲೆಕ್ಕ ಕೊಟ್ಟಿದ್ದಾರೆ. ಟ್ರ್ಯಾಕಿನಲ್ಲಿ ಸಿಕ್ಕ ಇನ್ನೊಬ್ಬರು ಅರ್ಧ ಲೀಟರ್ ಎಣ್ಣೆ ಹೆಚ್ಚಿಗೆ ಸುರಿದರೆ ಸಾಕು ಎಂದರು. ನಾಲ್ಕು ಸಾವಿರಕ್ಕೂ ಅರ್ಧ ಲೀಟರ್ ಎಣ್ಣೆಗೂ ನಡುವೆ ಏನಾದರೂ ದಾರಿ ಇದೆಯೇ? ಡ್ರೈ ಸಂಪೇ ಆಗಬೇಕೆಂದರೆ ಟ್ಯಾಂಕನ್ನು ಬೆಲ್ ಹೌಸಿಂಗಿನೊಳಗೆ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ, ಕ್ಲಚ್ ಸುತ್ತಲಿನ ಕವಚ) ಇಡಿಸಲೇ, ಬೇರೆಯಾಗಿ ಕೂರಿಸಲೇ? ಮತ್ತು ಇದನ್ನು ಮನೆಯ ಗ್ಯಾರೇಜಿನಲ್ಲಿ ನಾನೇ ಮಾಡಬಹುದೇ? ಕ್ಲಚ್, ಬ್ರೇಕ್, ಸಸ್ಪೆನ್ಷನ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಎಂಜಿನ್ ಒಳಗೆ ಇನ್ನೂ ಕೈ ಹಾಕಿಲ್ಲ.

ಎರಡನೇ ಗೇರ್

ಡ್ರೈ ಸಂಪ್ ಎಲ್ಲ ರೇಸಿನವರಿಗೆ. ನೀವು ಒಂದು ಅಕ್ಯುಸಂಪ್ ತೆಗೆದುಕೊಳ್ಳಿ. ಒಳಗೆ ಪಿಸ್ಟನ್ ಇರುವ ಸಿಲಿಂಡರ್ ಅದು. ಒಂದು ಕಡೆ ಗಾಳಿಯ ಒತ್ತಡ, ಇನ್ನೊಂದು ಕಡೆ ಎಣ್ಣೆ. ಎಂಜಿನ್ನಿನ ಪ್ರೆಷರ್ ಇಳಿದ ಕ್ಷಣ ಕೂಡಿಟ್ಟ ಎಣ್ಣೆಯನ್ನು ಗ್ಯಾಲರಿಗೆ, ಅಂದರೆ ಎಂಜಿನ್ನಿನೊಳಗಿನ ಎಣ್ಣೆ ದಾರಿಗೆ, ತಳ್ಳುತ್ತದೆ. ಖರ್ಚು ನಿಮಗೆ ಹೇಳಿದ ಮೊತ್ತದಲ್ಲಿ ಒಂದು ಚಿಕ್ಕ ಪಾಲು. ಜೊತೆಗೆ ಇನ್ನೊಂದು ಲಾಭವಿದೆ: ಎಂಜಿನ್ ಆರಿಸುವ ಮೊದಲು ಅದರ ವಾಲ್ವ್ ಮುಚ್ಚಿಬಿಟ್ಟರೆ ಒಳಗಿನ ಎಣ್ಣೆ ಒತ್ತಡದಲ್ಲೇ ಉಳಿಯುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡುವ ಮುಂಚೆ ವಾಲ್ವ್ ತೆರೆದರೆ ಬೇರಿಂಗಿಗೆ ಮೊದಲೇ ಎಣ್ಣೆ ಸಿಗುತ್ತದೆ. ನನ್ನ ಮಜ್ದಾ ಎಂಎಕ್ಸ್-5ಕ್ಕೆ ಅದನ್ನೇ ಹಾಕಿದ್ದೇನೆ, ಆರಾಮಾಗಿದೆ.

ತಿಪಟೂರು ಬುಲೆಟ್

ಹಳದಿಯವರೇ, ಮೊದಲು ಒಂದು ಮಾತು. ಈ ವಿಚಾರ ಇತ್ಯರ್ಥ ಆಗುವವರೆಗೆ ಆ ಟೈರು ಹಾಕಿಕೊಂಡು ಸ್ನೆಟರ್ಟನ್‌ಗೆ ಹೋಗಬೇಡಿ. ಅಂಥ ದೀಪದ ಸ್ವಿಚ್ಚು ಸಾಮಾನ್ಯವಾಗಿ ಪ್ರೆಷರ್ ಅರ್ಧ ಬಾರ್‌ನ ಹತ್ತಿರಕ್ಕೆ ಬಂದಾಗ ಹೊತ್ತಿಕೊಳ್ಳುವಂಥದ್ದು. ಅದು ಮಿನುಗಿತೆಂದರೆ ಬೇರಿಂಗ್ ಆಗಲೇ ಒಣಗಿತ್ತು ಎಂದು ತಿಳಿಯಿರಿ. 7000 ಆರ್‌ಪಿಎಂ ಎಂದರೆ ಸೆಕೆಂಡಿಗೆ 116 ಸುತ್ತು. ನೀವು ಮುಳ್ಳನ್ನು ನೋಡಿ, ಅಯ್ಯೋ ಎಂದುಕೊಂಡು, ಕಾಲೆತ್ತುವಷ್ಟರಲ್ಲಿ ಬಿಗ್ ಎಂಡ್ ಶೆಲ್‌ಗಳು (ಪಿಸ್ಟನ್ ರಾಡಿನ ಬುಡದ ತೆಳು ಬೇರಿಂಗ್‌ಗಳು) ನೂರಾರು ಸುತ್ತು ಎಣ್ಣೆಯಿಲ್ಲದೆ ತಿರುಗಿರುತ್ತವೆ.

ಈಗ ಇರುವ ಫಿಲ್ಟರನ್ನು ಬಿಚ್ಚಿ, ಡಬ್ಬವನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಹಾಕ್ಸಾದಿಂದ ಕತ್ತರಿಸಬೇಡಿ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಫಿಲ್ಟರ್ ಕಟರ್ ಎಂದೇ ಸಿಗುತ್ತದೆ. ಕಾಗದದಲ್ಲಿ ಮಿನುಗುವ ಚೂರು ಕಂಡರೆ ಸಂಪಿನ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ. ಎಂಜಿನ್ ಬಿಚ್ಚಿ ಶೆಲ್ ನೋಡಬೇಕು.

ಏನು ಆಗುತ್ತಿದೆ ಎಂಬುದು ಸರಳ. ಪಕ್ಕಕ್ಕೆ ತಳ್ಳುವ ಬಲ 1 ಜಿ, ಅಂದರೆ ಭೂಮಿ ಕೆಳಕ್ಕೆ ಎಳೆಯುವಷ್ಟೇ, ಆದಾಗ ಸಂಪಿನೊಳಗಿನ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ನಿಮ್ಮ ಹೊಸ ಟೈರು ಇಷ್ಟು ಹಗುರ ಕಾರಿನಲ್ಲಿ ಅದನ್ನೂ ದಾಟಿಸುತ್ತದೆ. ಊರಿನ ಮನೆಯಲ್ಲಿ ಸಂಪಿನ ನೀರು ಫುಟ್ ವಾಲ್ವ್‌ಗಿಂತ ಕೆಳಗಿಳಿದಾಗ ಮೋಟಾರು ಗರ್ರ್ ಎಂದು ಗಾಳಿ ಎಳೆಯುತ್ತದಲ್ಲ, ಅದೇ ಇದು. ಚಿಕ್ಕ ತಿರುವಿನಲ್ಲಿ ಪಂಪು ಗಾಳಿ ಕಾಣುವ ಮೊದಲೇ ಕಾರು ನೆಟ್ಟಗಾಗಿಬಿಡುತ್ತದೆ. ಕೋರಮ್ ಮುಗಿಯುವುದೇ ಇಲ್ಲ. ಎಣ್ಣೆ ಎಡಗೋಡೆಗೆ ಏರಿ ಅಲ್ಲೇ ನಿಲ್ಲುತ್ತದೆ. ಸಾಲದ್ದಕ್ಕೆ ಮೇಲೆ ಸಿಲಿಂಡರ್ ಹೆಡ್ಡಿಗೆ ಹೋದ ಎಣ್ಣೆಯೂ ಪಕ್ಕಕ್ಕೆ ಒತ್ತಿಕೊಂಡು ಬೇಗ ಇಳಿದು ಬರುವುದಿಲ್ಲ. ಆದ್ದರಿಂದ ಇದು ತಿರುವಿನ ಕೊನೆಯಲ್ಲೇ ಕಾಣಿಸಿಕೊಳ್ಳುವುದು. ನೀವು ಆ ಜಾಗವನ್ನು ಅಷ್ಟು ನಿಖರವಾಗಿ ಬರೆದದ್ದು ಒಳ್ಳೆಯದಾಯಿತು.

ಅರ್ಧ ಲೀಟರ್ ಹೆಚ್ಚಿಗೆ ಸುರಿಯುವ ಸಲಹೆ ಹಳೆಯದು, ಸ್ವಲ್ಪ ಮಟ್ಟಿಗೆ ಕೆಲಸವನ್ನೂ ಮಾಡುತ್ತದೆ. ಆದರೆ ಹೆಚ್ಚಿದ ಎಣ್ಣೆಗೆ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹೊಡೆದು ನೊರೆ ಬರಿಸಿದರೆ ಪಂಪು ಎಳೆಯುವುದು ನೊರೆಯನ್ನೇ. ಎರಡನೇ ಗೇರ್ ಅವರ ಅಕ್ಯುಸಂಪ್ ಒಳ್ಳೆಯ ಸಾಮಾನು, ಎಂಎಕ್ಸ್-5ಕ್ಕೆ ಸರಿಯಾಗಿಯೇ ಇದೆ. ಆದರೆ ಅದು ಕೊಡುವುದು ಒಂದೆರಡು ಲೀಟರ್, ಕೆಲವೇ ಸೆಕೆಂಡಿನ ರಕ್ಷಣೆ. ಆಮೇಲೆ ಅದು ಮತ್ತೆ ತುಂಬಿಕೊಳ್ಳಬೇಕು. ತುಂಬಿಕೊಳ್ಳುವುದು ಎಲ್ಲಿಂದ? ಅದೇ ಸಂಪಿನಿಂದ. ಒಂದು ತಿರುವು ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಸಂಪಿನ ಮಟ್ಟ ಇನ್ನೂ ಕೆಳಗಿರುತ್ತದೆ. ಒಂದೇ ಒಂದು ಕೆಟ್ಟ ತಿರುವು ಇರುವ ಟ್ರ್ಯಾಕಿಗೆ ಸಾಕು. ನೀವು ಡಾನಿಂಗ್ಟನ್, ಬ್ರಾಂಡ್ಸ್ ಹ್ಯಾಚ್ ಎಂದೆಲ್ಲ ಶುರು ಮಾಡಿದರೆ ಸಾಲದು. ಮಾಡುತ್ತೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈ ಕೇಟರ್‌ಹ್ಯಾಮ್‌ನವರಿಗೆ ಇದು ಹೊಸ ತಲೆನೋವಲ್ಲ. ರೋವರ್ ಕೆ-ಸೀರೀಸ್ ಎಂಜಿನ್ ಇದ್ದ ಕಾಲದಲ್ಲಿ ವೆಟ್ ಸಂಪ್ ಕಾರುಗಳಿಗೆ ಅಪೊಲೊ ಎಂಬ ಒಂದು ಸಣ್ಣ ಟ್ಯಾಂಕ್ ಹಾಕುತ್ತಿದ್ದರು. ಎಣ್ಣೆ ಅದರೊಳಗೆ ಗಿರಗಿರನೆ ಸುತ್ತಿ ಗಾಳಿಯನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಸೆವೆನ್ನಿನ ಚುರುಕಾದ ಆರ್500 ಮಾದರಿ ಬಂದಾಗ ಅದಕ್ಕೆ ಡ್ರೈ ಸಂಪೇ ಬಂತು.

ಈಗ ಡ್ರೈ ಸಂಪಿನ ವಿಚಾರ. ಇದರ ಬಗ್ಗೆ ಕೇಳುವವರೆಲ್ಲ ಪಂಪಿನಿಂದ ಶುರು ಮಾಡುತ್ತಾರೆ: ಎಷ್ಟು ಸ್ಟೇಜು, ಯಾವ ಕಂಪನಿ, ಬಣ್ಣ ಯಾವುದು. ನೀವು ಟ್ಯಾಂಕ್ ಎಲ್ಲಿ ಎಂದು ಕೇಳಿದ್ದೀರಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಪೇಸ್, ಟೈಟನ್ ಮುಂತಾದವರು ಪಂಪನ್ನು ಚೆನ್ನಾಗಿಯೇ ಮಾಡುತ್ತಾರೆ, ಅದರಲ್ಲಿ ನಾವು ನೀವು ತಲೆ ಹಾಕಬೇಕಾದ್ದು ಕಡಿಮೆ. ಕೆಟ್ಟ ಡ್ರೈ ಸಂಪ್ ಎಂದು ನಾನು ನೋಡಿದ್ದರಲ್ಲಿ ಹೆಚ್ಚಿನವು ಟ್ಯಾಂಕ್, ಬ್ರೀದರ್ (ಗಾಳಿ ಹೊರಹೋಗುವ ಕೊಳವೆ), ಪೈಪು ಈ ಮೂರರಲ್ಲೇ ಕೆಟ್ಟಿರುತ್ತವೆ.

ನಾನು ಈ ಸಂಗತಿಯನ್ನು ಮೊದಲು ಕಂಡದ್ದು ತಿಪಟೂರಿನ ಒಂದು ಬುಲೆಟ್ ಗ್ಯಾರೇಜಿನಲ್ಲಿ. ಇಂಗ್ಲೆಂಡಿನ ರೇಸ್ ಎಂಜಿನ್ ಅಂಗಡಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಹಳೆಯ ಎರಕದ ಕಬ್ಬಿಣದ ಬುಲೆಟ್ಟಿನಲ್ಲಿ ಎಣ್ಣೆ ಕ್ರ್ಯಾಂಕ್ ಕೆಳಗೆ ನಿಲ್ಲುವುದಿಲ್ಲ. ಕೇಸಿಂಗ್ ಎರಕದಲ್ಲೇ ಬೇರೆ ಕೋಣೆ ಇದೆ. ಎರಡು ಪಂಪು: ಒಂದು ಕೋಣೆಯಿಂದ ಎಣ್ಣೆಯನ್ನು ಎಂಜಿನ್ನಿಗೆ ಕಳಿಸುತ್ತದೆ, ಇನ್ನೊಂದು ಕ್ರ್ಯಾಂಕ್‌ಕೇಸಿನ ತಳಕ್ಕೆ ಬಿದ್ದದ್ದನ್ನು ಎತ್ತಿ ಕೋಣೆಗೆ ಹಾಕುತ್ತದೆ. ಎತ್ತುವ ಪಂಪು ಕಳಿಸುವ ಪಂಪಿಗಿಂತ ದೊಡ್ಡದು. ಏಕೆಂದರೆ ತಳದಲ್ಲಿ ಸಿಗುವುದು ಬರೀ ಎಣ್ಣೆಯಲ್ಲ, ಗಾಳಿ ಬೆರೆತ ನೊರೆ; ಗಾತ್ರ ಹೆಚ್ಚು. ನಿಮ್ಮ ಸೆವೆನ್ನಿಗೆ ನಾಲ್ಕು ಸಾವಿರ ಪೌಂಡ್ ಕೊಟ್ಟು ಹಾಕಿಸುವುದೂ ತತ್ವದಲ್ಲಿ ಇದನ್ನೇ. ಎತ್ತುವ ಪಂಪಿನ ಎರಡು ಭಾಗ (ಸ್ಕ್ಯಾವೆಂಜ್ ಸ್ಟೇಜು), ಕಳಿಸುವ ಪಂಪಿನ ಒಂದು ಭಾಗ (ಪ್ರೆಷರ್ ಸ್ಟೇಜು) ಇದ್ದರೆ ನಾಲ್ಕು ಸಿಲಿಂಡರಿಗೆ ಧಾರಾಳ.

ಇನ್ನು ಟ್ಯಾಂಕ್. ಸ್ಕ್ಯಾವೆಂಜ್ ಪಂಪು ಅದಕ್ಕೆ ಹಗಲೂ ರಾತ್ರಿ ನೊರೆಯನ್ನೇ ಸುರಿಯುತ್ತದೆ. ಕೆಳಗಿನ ತೂತಿನಿಂದ ಹೊರಗೆ ಹೋಗುವುದು ಮಾತ್ರ ಗಾಳಿಯಿಲ್ಲದ ಎಣ್ಣೆಯಾಗಿರಬೇಕು. ಅದಕ್ಕೆ ಟ್ಯಾಂಕ್ ಉದ್ದ ಇರಬೇಕು, ಸಪೂರ ಇರಬೇಕು. ಎತ್ತರ ಕನಿಷ್ಠ ವ್ಯಾಸದ ಎರಡರಷ್ಟು. ಎಣ್ಣೆ ಮೇಲ್ಭಾಗದಲ್ಲಿ ಗೋಡೆಗೆ ಸವರಿಕೊಂಡು ಒಳಬರಬೇಕು, ಸುತ್ತುತ್ತ ಇಳಿಯಬೇಕು. ಹಾಗೆ ಸುತ್ತುವಾಗ ಭಾರದ ಎಣ್ಣೆ ಗೋಡೆಗೆ, ಹಗುರ ಗಾಳಿ ನಡುವಿಗೆ ಬರುತ್ತದೆ. ಕೆಳಗೆ ತೂತಿನ ಅಡ್ಡ ತಟ್ಟೆಗಳು. ಪೂರ್ತಿ ತುಂಬಿಸಬಾರದು, ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಡಿ, ಗಾಳಿ ಬೇರೆಯಾಗಲು ಜಾಗ ಬೇಕು. ಜಾಗ ಸಿಕ್ಕಿತೆಂದು ಚಪ್ಪಟೆ ಡಬ್ಬಿಯೊಂದನ್ನು ಬೆಸುಗೆ ಹಾಕಿಸಿ ಕೂರಿಸುವವರಿದ್ದಾರೆ. ಅವರು ಎಂಜಿನ್ನಿನೊಳಗಿದ್ದ ತೊಂದರೆಯನ್ನು ಹೊರಗೆ ತಂದು ಇಟ್ಟುಕೊಂಡಿದ್ದಾರೆ, ಅಷ್ಟೇ.

ಬೆಲ್ ಹೌಸಿಂಗ್ ಟ್ಯಾಂಕ್ ಜಾಣ ಉಪಾಯ. ಸೆವೆನ್ನಿನ ಬಾನೆಟ್ ಕೆಳಗೆ ಒಂದು ತೆಂಗಿನಕಾಯಿ ಇಡಲೂ ಜಾಗವಿಲ್ಲ, ಇದು ಹೇಗೂ ಖಾಲಿಯಿದ್ದ ಜಾಗವನ್ನು ಬಳಸುತ್ತದೆ. ತೂಕ ಕೆಳಗೆ ಇರುತ್ತದೆ, ಕಾರಿನ ನಡುವಿಗೆ ಹತ್ತಿರ ಇರುತ್ತದೆ. ಆದರೆ ಅದಕ್ಕೆ ಕೈ ಹಾಕಬೇಕೆಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆಯಾಗಬೇಕು. ನೀವು ಒಂಟಿಯಾಗಿ ಮನೆಯಲ್ಲಿ ಮಾಡುವವರು, ಪ್ರತಿ ವರ್ಷ ಒಳಗಿನದನ್ನು ತೊಳೆದು ನೋಡುವ ಆಸೆಯುಳ್ಳವರು ಎಂದು ಕಾಣುತ್ತೀರಿ. ನನ್ನ ಮತ ಬೇರೆ ಟ್ಯಾಂಕಿಗೆ. ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ರಟ್ಟಿನಲ್ಲಿ ಅದೇ ಅಳತೆಯ ಕೊಳವೆ ಮಾಡಿ ಇಟ್ಟು ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಇನ್ನೊಂದು ಲಾಭವನ್ನು ಯಾರೂ ಹೇಳಿಲ್ಲ. ಸೆವೆನ್ನಿನ ಸಂಪು ಕಾರಿನ ಅತ್ಯಂತ ಕೆಳಗಿನ ಭಾಗಗಳಲ್ಲಿ ಒಂದು. ಒಂದು ರಸ್ತೆ ಉಬ್ಬು ಸಾಕು, ಎರಕ ಸೀಳಿ ಎಣ್ಣೆಯೆಲ್ಲ ರಸ್ತೆಗೆ. ಡ್ರೈ ಸಂಪಿನ ತಟ್ಟೆ ಆಳವಿಲ್ಲ. 1954ರ ಮರ್ಸಿಡಿಸ್ 300 ಎಸ್‌ಎಲ್‌ಗೆ ಡ್ರೈ ಸಂಪ್ ಇಟ್ಟದ್ದರಲ್ಲೂ ಇಂಥದೇ ಲೆಕ್ಕವಿತ್ತು. ಎಂಜಿನ್ನನ್ನು ಓರೆ ಮಲಗಿಸಿ ಬಾನೆಟ್ ತಗ್ಗಿಸಬೇಕಾಗಿತ್ತು. ಎಷ್ಟೋ ಜನಕ್ಕೆ ಕೋರಮ್‌ಗಿಂತ ಊರಿನ ಉಬ್ಬುಗಳೇ ದೊಡ್ಡ ಶತ್ರು.

ಫಾರ್ಮುಲಾ ಹುಡುಗಿ

ಬುಲೆಟ್ ಸರ್ ಬರೆದದ್ದಕ್ಕೆ ಒಂದು ಸಣ್ಣ ಸೇರಿಕೆ. ಕಾಲೇಜಿನಲ್ಲಿದ್ದಾಗ ನಮ್ಮ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ಪುಟ್ಟ ರೇಸ್ ಕಾರು ಕಟ್ಟುವ ಸ್ಪರ್ಧೆ) ತಂಡ ಹೋಂಡಾ ಸಿಬಿಆರ್600 ಬೈಕಿನ ಎಂಜಿನ್ನನ್ನು ಕಾರಿಗೆ ಹಾಕಿತ್ತು. ಬೈಕು ತಿರುವಿನಲ್ಲಿ ವಾಲುವುದರಿಂದ ಎಣ್ಣೆ ಸಂಪಿನ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ. ಬೈಕಿನಲ್ಲಿ ಯಾವ ದೋಷವೂ ಇಲ್ಲದ ಎಂಜಿನ್ ನಮ್ಮ ಸ್ಕಿಡ್ ಪ್ಯಾಡಿನಲ್ಲಿ (ದುಂಡಗೆ ಸುತ್ತುವ ಪರೀಕ್ಷೆ) ಗಾಳಿ ನುಂಗಲು ಶುರು ಮಾಡಿತು. ನಮಗೆ ಡ್ರೈ ಸಂಪಿಗೆ ದುಡ್ಡೂ ಇರಲಿಲ್ಲ, ತೂಕದ ಲೆಕ್ಕವೂ ಕೂಡಿಬರಲಿಲ್ಲ. ಸಂಪಿನ ಎತ್ತರ ಕಡಿಮೆ ಮಾಡಿ, ಒಳಗೆ ಗೋಡೆಗಳನ್ನು ಕಟ್ಟಿ, ಒಂದೇ ಕಡೆಗೆ ತೆರೆಯುವ ಸಣ್ಣ ಬಾಗಿಲುಗಳನ್ನು ಇಟ್ಟೆವು. ಎಣ್ಣೆ ಪಿಕಪ್ (ಪಂಪು ಎಣ್ಣೆ ಎಳೆಯುವ ಬಾಯಿ) ಕಡೆಗೆ ಬರಬಹುದು, ವಾಪಸು ಹೋಗಲಾರದು. ನಿಮ್ಮ ಎಂಜಿನ್ನಿಗೂ ಅಂಥ ಗೋಡೆಕಟ್ಟಿದ ವೆಟ್ ಸಂಪ್ ಸಿಗುತ್ತದೆ. ಅದು ನಾಲ್ಕು ಸಾವಿರಕ್ಕೂ ಅರ್ಧ ಲೀಟರಿಗೂ ನಡುವಿನ ದಾರಿ.

ಆದರೆ ಯಾವುದನ್ನು ಕೊಳ್ಳುವ ಮೊದಲೂ ದಾಖಲೆ ಮಾಡಿಕೊಳ್ಳಿ. ಮುಳ್ಳನ್ನು ಕಣ್ಣಿನಲ್ಲಿ ನೋಡಿದ್ದು ದಾಖಲೆಯಲ್ಲ. ಮೇನ್ ಗ್ಯಾಲರಿಗೆ ಒಂದು ಪ್ರೆಷರ್ ಸೆನ್ಸರ್, ಜೊತೆಗೆ ಆರ್‌ಪಿಎಂ ಮತ್ತು ಪಕ್ಕದ ಜಿ. ಸೆಕೆಂಡಿಗೆ ಹತ್ತು ಸಲವಾದರೂ ಬರೆದುಕೊಳ್ಳುವಂತಿರಲಿ, ಐವತ್ತಾದರೆ ಇನ್ನೂ ಒಳ್ಳೆಯದು. ಕಾಲೆತ್ತಿದಾಗ ಆರ್‌ಪಿಎಂ ಇಳಿದು ಪ್ರೆಷರ್ ಇಳಿದರೆ ಅದು ಸಹಜ. ಆರ್‌ಪಿಎಂ ಹಾಗೇ ಇದ್ದು ಪ್ರೆಷರ್ ಮಾತ್ರ ಬಿದ್ದರೆ ಎಣ್ಣೆ ಪಿಕಪ್ ಬಿಟ್ಟು ಹೋಗಿದೆ ಎಂದೇ ಅರ್ಥ. ಈ ಮೂರು ಗೆರೆಗಳನ್ನು ಒಂದೇ ಪರದೆಯಲ್ಲಿ ನೋಡಿದರೆ ಇಲ್ಲಿ ನಮ್ಮ ಯಾರ ಅಭಿಪ್ರಾಯವೂ ನಿಮಗೆ ಬೇಕಾಗುವುದಿಲ್ಲ.

ಹಳದಿ ಸೆವೆನ್

ಎಲ್ಲರಿಗೂ ಧನ್ಯವಾದ. ಫಿಲ್ಟರ್ ಕತ್ತರಿಸಿದೆ. ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದಕ್ಕೆ ಮನೆಯಲ್ಲಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಕಾಗದದಲ್ಲಿ ಮಸಿ ಮಾತ್ರ, ಮಿನುಗುವಂಥದ್ದೇನೂ ಇಲ್ಲ.

ಸೆನ್ಸರ್ ಹಾಕಿಸಿ, ಹಳೆಯ ರಸ್ತೆ ಟೈರಿನಲ್ಲೇ ಒಮ್ಮೆ ಹೋಗಿ ಬಂದೆ, ಮೆತ್ತಗೆ ಓಡಿಸಿದೆ. ಅಷ್ಟಕ್ಕೇ ಕೋರಮ್‌ನಲ್ಲಿ ಆರ್‌ಪಿಎಂ 6200ರಲ್ಲಿ ನಿಂತಿರುವಾಗ ಪ್ರೆಷರ್ 4.6 ಬಾರ್‌ನಿಂದ 2.3ಕ್ಕೆ ಇಳಿದಿದೆ, ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು. ಬೇರೆ ಎಲ್ಲೂ ಗೆರೆ ಅಲ್ಲಾಡಿಲ್ಲ. ಬುಲೆಟ್ ಸರ್ ಊಹಿಸಿದಂತೆ ಡಾನಿಂಗ್ಟನ್‌ಗೂ ಹೆಸರು ಕೊಟ್ಟಾಗಿದೆ. ಹಾಗಾಗಿ ಡ್ರೈ ಸಂಪ್ ಎಂದು ತೀರ್ಮಾನಿಸಿದ್ದೇನೆ. ಮೂರು ಸ್ಟೇಜಿನ, ಬೆಲ್ಟಿನಿಂದ ತಿರುಗುವ ಹೊರಗಿನ ಪಂಪು, ಬೇರೆ ಟ್ಯಾಂಕ್. ರಟ್ಟಿನ ಕೊಳವೆ ಮಾಡಿ ಇಟ್ಟು ನೋಡಿದೆ, ಬ್ಯಾಟರಿಯನ್ನು ಸ್ವಲ್ಪ ಸರಿಸಿದರೆ ಕೂರುತ್ತದೆ.

ಈಗ ಮೂರನೆಯ ಪ್ರಶ್ನೆಗೆ ಬರೋಣ. ಮನೆಯಲ್ಲಿ ಮಾಡಲೇ? ಎಲ್ಲಿ ಎಚ್ಚರ ಬೇಕು?

ತಿಪಟೂರು ಬುಲೆಟ್

ಮಾಡಬಹುದು. ಒಂದು ಬೋಲ್ಟ್ ಬಿಟ್ಟರೆ ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಆ ಬೋಲ್ಟ್ ಕ್ರ್ಯಾಂಕ್ ಮೂತಿಯಲ್ಲಿರುವ ಪುಲ್ಲಿಯದು. ಪಂಪಿನ ಬೆಲ್ಟಿಗೆ ಹೊಸ ಪುಲ್ಲಿ ಹಾಕಲು ಅದನ್ನು ಬಿಚ್ಚಬೇಕಾಗುತ್ತದೆ. ಡ್ಯುರಾಟೆಕ್‌ನಲ್ಲಿ ಕ್ರ್ಯಾಂಕಿಗೂ ಟೈಮಿಂಗ್ ಚೈನಿನ ಸ್ಪ್ರಾಕೆಟ್ಟಿಗೂ ನಡುವೆ ಕೀ (ಜಾರದಂತೆ ಸಿಕ್ಕಿಸುವ ಲೋಹದ ತುಂಡು) ಇಲ್ಲ. ಪುಲ್ಲಿ, ಸ್ಪ್ರಾಕೆಟ್ ಎಲ್ಲವನ್ನೂ ಹಿಡಿದಿರುವುದು ಆ ಒಂದು ಬೋಲ್ಟಿನ ಬಿಗಿತ, ಬರೀ ಒತ್ತಡ. ಅದನ್ನು ಸಡಿಲಿಸಿದ ಕ್ಷಣ ಕ್ಯಾಮ್ ಟೈಮಿಂಗ್ (ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತು) ದೇವರಿಗೇ ಗೊತ್ತು. ಬೇರೆ ಎಂಜಿನ್ನಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಕೀ ಇರುತ್ತದೆಂದೇ ಅವರು ನಂಬಿರುತ್ತಾರೆ. ಆದ್ದರಿಂದ ಮೊದಲು ಕ್ಯಾಮ್ ಕವರ್ ತೆಗೆದು ಕ್ಯಾಮ್‌ಗಳ ಹಿಂತುದಿಯ ಸೀಳಿನಲ್ಲಿ ಟೈಮಿಂಗ್ ಪಟ್ಟಿ ಕೂರಿಸಿ, ಬ್ಲಾಕಿನ ತೂತಿನಲ್ಲಿ ಟಿಡಿಸಿ ಪಿನ್ (ಪಿಸ್ಟನ್ ತೀರಾ ಮೇಲಿರುವ ಜಾಗ ತೋರಿಸುವುದು) ಹಾಕಿ, ಆಮೇಲೆ ಬೋಲ್ಟಿಗೆ ಸ್ಪಾನರ್ ಇಡಿ. ಆ ಪಟ್ಟಿ ಮತ್ತು ಪಿನ್ ಇರುವುದು ಜಾಗ ತೋರಿಸಲು, ಹಿಡಿದುಕೊಳ್ಳಲು ಅಲ್ಲ. ಬಿಗಿಯುವಾಗ ಅವುಗಳ ಮೇಲೆ ಬಲ ಬಿಟ್ಟರೆ ಕ್ಯಾಮ್ ಮುರಿಯುತ್ತದೆ. ಪುಲ್ಲಿಯನ್ನು ಅಥವಾ ಫ್ಲೈವೀಲನ್ನು ಬೇರೆ ಉಪಕರಣದಿಂದ ಹಿಡಿಯಬೇಕು. ಹಳೆಯ ಬೋಲ್ಟ್ ಮತ್ತೆ ಬಳಸಬೇಡಿ. ಹೊಸದು, 100 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ. ಬಿಗಿದ ಮೇಲೆ ಪಟ್ಟಿ, ಪಿನ್ ತೆಗೆದು, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಪಟ್ಟಿ ಮತ್ತೆ ಸಲೀಸಾಗಿ ಕೂರುತ್ತದೆಯೇ ನೋಡಿ. ಕೂರದಿದ್ದರೆ ಮತ್ತೆ ಮೊದಲಿನಿಂದ. ಈ ಒಂದು ಕೆಲಸಕ್ಕೆ ಮಾತ್ರ ಅನುಭವಿಯೊಬ್ಬರನ್ನು ಕರೆಯಿರಿ, ಚಹಾ ತಿಂಡಿ ಕೊಡಿ.

ಹೊರಗಿನ ಪ್ರೆಷರ್ ಪಂಪು ಬಂದ ಮೇಲೆ ಮೂಲ ಪಂಪಿಗೆ ಕೆಲಸವಿಲ್ಲ. ಆದರೆ ಅದರ ದಾರಿಯನ್ನು ಮುಚ್ಚಬೇಕು. ಇಲ್ಲದಿದ್ದರೆ ಹೊಸ ಪಂಪು ಒತ್ತಿದ ಎಣ್ಣೆ ಹಳೆಯ ದಾರಿಯಿಂದ ಸಂಪಿಗೆ ಇಳಿದು ಹೋಗುತ್ತದೆ. ಕಿಟ್ ಜೊತೆ ಅದಕ್ಕೆ ಮುಚ್ಚಳ ಬಂದಿದೆಯೇ ಎಂದು ಡಬ್ಬ ಬಿಚ್ಚಿದ ದಿನವೇ ನೋಡಿ.

ಪೈಪುಗಳಲ್ಲಿ ಅತಿ ಮುಖ್ಯವಾದದ್ದು ಟ್ಯಾಂಕಿನ ತಳದಿಂದ ಪ್ರೆಷರ್ ಪಂಪಿಗೆ ಬರುವುದು. ಅಲ್ಲಿ ಪಂಪು ಎಳೆಯುತ್ತದೆ; ಎಳೆಯುವುದು ತಳ್ಳುವುದಕ್ಕಿಂತ ಕಷ್ಟ, ಅದರಲ್ಲೂ ಜನವರಿಯ ಬೆಳಗ್ಗೆ ಎಣ್ಣೆ ಜೇನಿನಂತಿರುವಾಗ. ಡ್ಯಾಶ್ 12 (ಸುಮಾರು ಮುಕ್ಕಾಲು ಇಂಚಿನ ಹೋಸ್ ಅಳತೆ) ಗಿಂತ ಕಡಿಮೆ ಬೇಡ, ಆದಷ್ಟು ಗಿಡ್ಡ, ಚೂಪು ಮಡಿಕೆ ಇಲ್ಲದೆ, ಒಳಕ್ಕೆ ಕುಗ್ಗದ ಜಾತಿಯ ಹೋಸ್. ಫಿಟ್ಟಿಂಗ್ ತುರುಕುವಾಗ ಒಳಗಿನ ರಬ್ಬರ್ ಪದರ ಸೀಳಿ ಒಂದು ಸಣ್ಣ ನಾಲಿಗೆ ಎದ್ದರೆ ಅದು ವಾಲ್ವಿನಂತೆ ದಾರಿ ಮುಚ್ಚುತ್ತದೆ. ಹೊರಗೆ ಸ್ಟೀಲ್ ಹೆಣಿಗೆ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಎಂಜಿನ್ ಸಾಯುತ್ತಿರುತ್ತದೆ. ಪ್ರತಿ ಹೋಸ್ ಕಟ್ಟಿದ ಮೇಲೆ ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿ. ಬಾಗಿದ ಫಿಟ್ಟಿಂಗ್ ಇದ್ದರೆ ಅದಕ್ಕೆ ಸರಿಹೊಂದುವ ಗೋಲಿಯೊಂದನ್ನು ಉರುಳಿಸಿ ನೋಡಿ. ಗೋಲಿ ಹೊರಗೆ ಬಂತೆಂದು ಎರಡು ಸಲ ಖಾತ್ರಿ ಮಾಡಿಕೊಳ್ಳಿ.

ಬೆಸುಗೆ ಹಾಕಿದ ಟ್ಯಾಂಕಿನೊಳಗೆ ಅಲ್ಯೂಮಿನಿಯಂ ಪುಡಿ ಇದ್ದೇ ಇರುತ್ತದೆ. ಬಿಸಿನೀರು, ಸೋಪು, ಬ್ರಷ್, ಮತ್ತೆ ಬಿಸಿನೀರು. ಹೊಳಪಿಗೆಂದು ಗಾಜಿನ ಮಣಿಯಿಂದ ಬ್ಲಾಸ್ಟ್ ಮಾಡಿಸಬೇಡಿ. ಮೂಲೆಯಲ್ಲಿ ಉಳಿದ ನಾಲ್ಕು ಮಣಿ ಸಾಕು, ಶೆಲ್‌ಗಳನ್ನು ತಿಂದು ಹಾಕುತ್ತವೆ. ಸ್ಕ್ಯಾವೆಂಜ್ ಪಂಪಿನ ಬಾಯಿಗೆ ಜಾಲರಿ ಇರಲಿ. ಕೂಲರನ್ನು ಪ್ರೆಷರ್ ಕಡೆಯಲ್ಲಿ, ಫಿಲ್ಟರ್ ಆದ ಮೇಲೆ ಇಡಿ; ವಾಪಸಿನ ನೊರೆಯ ದಾರಿಯಲ್ಲಿ ಇಟ್ಟರೆ ಎಂಜಿನ್ ಎಂದಾದರೂ ಕೆಟ್ಟಾಗ ಚೂರೆಲ್ಲ ಅದರೊಳಗೆ ಸೇರುತ್ತದೆ, ಅದನ್ನು ಯಾರೂ ತೊಳೆಯಲಾರರು. ಇಂಗ್ಲೆಂಡಿನ ಹವೆಗೆ ಥರ್ಮೋಸ್ಟ್ಯಾಟ್ ಬೇಕೇ ಬೇಕು. ಎಣ್ಣೆ ಹೆಚ್ಚಾಗಿದೆ, ಬೇಗ ಕಾಯುವುದಿಲ್ಲ. 70 ಡಿಗ್ರಿ ದಾಟುವವರೆಗೆ ಎಂಜಿನ್ನನ್ನು ಏರಿಸಬೇಡಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಬೆಲ್ಟ್ ತೆಗೆದಿಟ್ಟು ಪಂಪನ್ನು ಡ್ರಿಲ್ಲಿನಿಂದ ತಿರುಗಿಸಿ, ಗೇಜಿನಲ್ಲಿ ಪ್ರೆಷರ್ ಬರುವವರೆಗೆ. ತಿರುಗುವ ದಿಕ್ಕು ನೋಡಿಕೊಳ್ಳಿ. ಆಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಸ್ಟಾರ್ಟರ್‌ನಿಂದ ಇನ್ನೊಮ್ಮೆ. ಬಿಸಿಯಾದ ಮೇಲೆ ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಷರ್ ಬಿಡುವುದು) ಹೊಂದಿಸಿ. ಸಾವಿರ ಸುತ್ತಿಗೆ ಹತ್ತು ಪಿಎಸ್‌ಐ ಎಂಬ ಅಮೆರಿಕನ್ನರ ಹಳೆಯ ಲೆಕ್ಕ ಇಂದಿಗೂ ಸಾಕು. 7000ಕ್ಕೆ ಎಪ್ಪತ್ತು, ಅಂದರೆ ಸುಮಾರು 4.8 ಬಾರ್.

ಕೊನೆಯದು, ಬಹಳ ಜನ ಕೆಡಿಸಿಕೊಳ್ಳುವುದು. ಕಾರು ವಾರಗಟ್ಟಲೆ ನಿಂತರೆ ಟ್ಯಾಂಕಿನ ಎಣ್ಣೆ ಪಂಪಿನ ಸಂದಿಯಿಂದ ಜಿನುಗಿ ಎಂಜಿನ್ನಿನೊಳಗೆ ಇಳಿಯುತ್ತದೆ. ಹಳೆಯ ಬುಲೆಟ್ಟಿನವರಿಗೆಲ್ಲ ಇದು ಗೊತ್ತು. ಬೆಳಗ್ಗೆ ಟ್ಯಾಂಕಿನ ಕಡ್ಡಿ ನೋಡಿ ಎಣ್ಣೆ ಕಡಿಮೆಯಾಯಿತೆಂದು ಸುರಿದರೆ, ಎಂಜಿನ್ ಓಡಿದ ಮೇಲೆ ಅಷ್ಟೂ ಬ್ರೀದರಿನಿಂದ ಹೊರಗೆ ಬರುತ್ತದೆ. ಮಟ್ಟ ನೋಡುವುದು ಎಣ್ಣೆ ಬಿಸಿಯಾದ ಮೇಲೆ, ಒಂದು ನಿಮಿಷ ಐಡಲ್ ಬಿಟ್ಟು, ಆರಿಸಿದ ತಕ್ಷಣ. ಬೇರೆ ಹೊತ್ತಿನ ಅಳತೆಗೆ ಬೆಲೆಯಿಲ್ಲ. ಮತ್ತೆ, ಟ್ಯಾಂಕಿನ ಮುಚ್ಚಳದ ಮೇಲೆ ಆಯಿಲ್ ಎಂದು ದೊಡ್ಡದಾಗಿ ಬರೆಯಿರಿ. 1972ರ ಪೋರ್ಷೆ 911ರಲ್ಲಿ ಎಣ್ಣೆ ಹಾಕುವ ಬಾಯಿ ಬಲಬಾಗಿಲಿನ ಹಿಂದೆ, ಹೊರಗೇ ಇತ್ತು. ಬಂಕಿನವರು ಅದಕ್ಕೆ ಪೆಟ್ರೋಲ್ ತುಂಬಿದ ಪ್ರಸಂಗಗಳು ನಡೆದವು. ಮರುವರ್ಷ ಕಂಪನಿ ಅದನ್ನು ಮತ್ತೆ ಒಳಗೆ ಸೇರಿಸಿತು.

ಎರಡನೇ ಗೇರ್

ಬುಲೆಟ್ ಸರ್, ನನ್ನ ಅಕ್ಯುಸಂಪ್‌ಗೆ ಕೊಟ್ಟ ಅರ್ಧ ಮಾರ್ಕಿಗೆ ಧನ್ಯವಾದ. ಇಷ್ಟೆಲ್ಲ ಸೇರಿ ತೂಕ ಎಷ್ಟು ಹೆಚ್ಚಾದೀತು? ಸೆವೆನ್ನಿನವರು ನಟ್ಟು ಬೋಲ್ಟನ್ನೂ ತೂಗುವವರಲ್ಲವೇ?

ತಿಪಟೂರು ಬುಲೆಟ್

ಮೂರು ಲೀಟರ್ ಹೆಚ್ಚಿನ ಎಣ್ಣೆಯೇ ಎರಡೂವರೆ ಕೆಜಿ. ಟ್ಯಾಂಕ್, ಪಂಪು, ಹೋಸು ಸೇರಿಸಿದರೆ ಎಂಟು ಹತ್ತು ಕೆಜಿ ಎನ್ನಿ. ಬೇಸರವಿದ್ದರೆ ಭಾವಮೈದುನನನ್ನು ಇಳಿಸಲಿ.

ಹಳದಿ ಸೆವೆನ್

ಅವನಿಗೆ ಇದನ್ನು ತೋರಿಸುವುದಿಲ್ಲ. ಸಾಮಾನಿಗೆ ಹೇಳಿದ್ದೇನೆ, ಕ್ರ್ಯಾಂಕ್ ಬೋಲ್ಟಿನ ದಿನಕ್ಕೆ ಅನುಭವಿಯೊಬ್ಬರು ಬರಲು ಒಪ್ಪಿದ್ದಾರೆ. ಒಂದೇ ಅನುಮಾನ ಉಳಿದಿದೆ: ಟ್ಯಾಂಕಿನ ಬ್ರೀದರ್ ಯಾವ ಅಳತೆ? ಕ್ಯಾಮ್ ಕವರಿನ ಬ್ರೀದರನ್ನು ಈಗಿರುವಂತೆ ಇನ್‌ಟೇಕಿಗೇ ಬಿಡಲೇ?

ಫಾರ್ಮುಲಾ ಹುಡುಗಿ

ಇನ್‌ಟೇಕಿಗೆ ಬೇಡ. ಕ್ಯಾಮ್ ಕವರಿನದನ್ನು ಟ್ಯಾಂಕಿನ ಮೇಲ್ಭಾಗಕ್ಕೆ ತನ್ನಿ, ಟ್ಯಾಂಕಿನಿಂದ ಇನ್ನೊಂದು ಡ್ಯಾಶ್ 12 ಹೋಸನ್ನು ಕ್ಯಾಚ್ ಟ್ಯಾಂಕಿಗೆ (ಗಾಳಿಯ ಜೊತೆ ಬಂದ ಎಣ್ಣೆ ಹಿಡಿಯುವ ಡಬ್ಬಿ) ಒಯ್ಯಿರಿ. ಕ್ಯಾಚ್ ಟ್ಯಾಂಕ್ ಎರಡು ಲೀಟರಿನದಾದರೂ ಇರಲಿ, ಎಕ್ಸಾಸ್ಟ್ ಕಡೆಗೆ ಮಾತ್ರ ಇಡಬೇಡಿ.